ಸೋಗಾನೆ–ಜೋಗ ಸೀನರಿ: ಸ್ಟಟರ್ ಎಲ್ಲಿಂದ ಬರುತ್ತಿದೆ

ಎಕ್ಸ್‌-ಪ್ಲೇನ್ 12 ಎಂಬ ವಿಮಾನ ಹಾರಾಟದ ಸಿಮ್ಯುಲೇಟರಿಗಾಗಿ (ಸಿಮ್) ಕಟ್ಟುತ್ತಿರುವ ಮಲೆನಾಡು ಸೀನರಿಯಲ್ಲಿ ಈಗ ಮೂರು ಭಾಗ ಕೂತಿವೆ: ಸೋಗಾನೆಯ ಕುವೆಂಪು ವಿಮಾನ ನಿಲ್ದಾಣ, ಜೋಗದ ಸುತ್ತಲಿನ ನೆಲ, ನಡುವಿನ ಅಡಿಕೆ ತೋಟಗಳು. ನಿಲ್ಲಿಸಿ ನೋಡಿದರೆ ಚೆಂದ, ಹಾರಿಸಿದರೆ ಚಿತ್ರ ತಡೆತಡೆದು ಮುಗ್ಗರಿಸುತ್ತದೆ; ಇದನ್ನೇ ಸ್ಟಟರ್ ಅನ್ನುವುದು. ಈ ಸುತ್ತಿನ ಕೆಲಸವೆಲ್ಲ ಆ ಮುಗ್ಗರಿಕೆಯ ಮೂಲ ಹುಡುಕುವುದಕ್ಕೇ ಹೋಯಿತು.

ಮೊದಲು ಅಳತೆಯ ವಿಷಯ. ಮೂಲೆಯಲ್ಲಿ 40 ಎಫ್‌ಪಿಎಸ್ (ಸೆಕೆಂಡಿಗೆ 40 ಫ್ರೇಮು) ಅಂತ ತೋರಿಸುತ್ತಿದ್ದ ಮಾತ್ರಕ್ಕೆ ಸ್ಟಟರ್ ಇಲ್ಲ ಅಂತಲ್ಲ. ಒಂದು ಸೆಕೆಂಡಿನಲ್ಲಿ 39 ಫ್ರೇಮು ತಲಾ 22 ಮಿಲಿಸೆಕೆಂಡಿನಲ್ಲಿ ಮುಗಿದು, ಉಳಿದ ಒಂದೇ ಒಂದು 140 ತೆಗೆದುಕೊಂಡರೂ ಲೆಕ್ಕ 40ಕ್ಕೇ ಬರುತ್ತದೆ. ಕಣ್ಣಿಗೆ ಬಡಿಯುವುದು ಆ ಒಂದು. ಹಾಗಾಗಿ ಸೆಟ್ಟಿಂಗ್ಸ್‌ನ ಡೇಟಾ ಔಟ್‌ಪುಟ್‌ನಲ್ಲಿ ಫ್ರೇಮ್ ರೇಟ್ ಸಾಲನ್ನು ಆನ್ ಮಾಡಿ, ಒಂದು ಫ್ರೇಮಿಗೆ ಹಿಡಿಯುವ ಸಿಪಿಯು ಟೈಮ್, ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಟೈಮ್ ಎರಡನ್ನೂ ನೋಡಬೇಕು. ಸಿಪಿಯು ಸದಾ ಮೇಲಿದ್ದರೆ ಆಬ್ಜೆಕ್ಟುಗಳು, ಪ್ಲಗಿನ್‌ಗಳು, ಎಐ ವಿಮಾನಗಳ ಕಡೆ ನೋಡಿ. ಜಿಪಿಯು ಮೇಲಿದ್ದರೆ ಮೋಡ, ನೆರಳು, ಆಂಟಿ-ಅಲಿಯಾಸಿಂಗ್ (ಅಂಚು ನಯ ಮಾಡುವುದು). ಎರಡೂ ಸುಮ್ಮನಿದ್ದು ಒಮ್ಮೆಲೇ ನೆಗೆದರೆ ಡಿಸ್ಕಿನಿಂದಲೋ ವಿಡಿಯೋ ಮೆಮೊರಿಗೋ ಏನೋ ತುಂಬುತ್ತಿದೆ ಅಂತ ಅರ್ಥ.

ಪರೀಕ್ಷೆಗೆ ಒಂದೇ ದಾರಿ: ಸೋಗಾನೆಯಿಂದ ಜೋಗಕ್ಕೆ ನೇರ ಗೆರೆ, ಸುಮಾರು 96 ಕಿ.ಮೀ. ವಿಮಾನ ಸೆಸ್ನಾ 172, ಬೆಳಗಿನ 10 ಗಂಟೆ, ಮೋಡವಿಲ್ಲದ ಆಕಾಶ, ವಿ-ಸಿಂಕ್ (ಫ್ರೇಮನ್ನು ಪರದೆಯ ವೇಗಕ್ಕೆ ಕಟ್ಟುವ ಆಯ್ಕೆ) ಆಫ್. ಪ್ರತಿ ಬದಲಾವಣೆಯ ನಂತರ ಸಿಮ್ ಮುಚ್ಚಿ ಮತ್ತೆ ತೆರೆಯಬೇಕು. ಆಗುಂಬೆಯ ಆಷಾಢದ ಮೋಡ ಹಾಕಿಕೊಂಡು ಪರೀಕ್ಷೆ ಮಾಡಿದರೆ ಜಿಪಿಯು ಮೋಡಕ್ಕೇ ದಣಿಯುತ್ತದೆ, ತಪ್ಪು ಸೀನರಿಯದೋ ಮಳೆಯದೋ ಗೊತ್ತಾಗುವುದಿಲ್ಲ.

ಎಲ್ಲರ ಮೊದಲ ಅನುಮಾನ ತಾವರೆ ಆಕಾರದ ಟರ್ಮಿನಲ್ ಮೇಲೆ. ದಳಗಳ ತಿರುವಿಗೆ ತ್ರಿಕೋನ ಜಾಸ್ತಿ ಬೇಕು, ನಿಜ. ಆದರೆ ಸೀನರಿ ಪ್ಯಾಕ್ಸ್ ಐಎನ್‌ಐ ಫೈಲಿನಲ್ಲಿ ಅದರ ಸಾಲಿಗೆ ಡಿಸೇಬಲ್ಡ್ ಅಂತ ಬರೆದು ಹಾರಿಸಿದಾಗ ದಾರಿಯ ಮುಗ್ಗರಿಕೆ ಹಾಗೇ ಉಳಿಯಿತು. ಹುಡುಕುವಾಗ ಸಿಕ್ಕ ಬೇರೆ ತಪ್ಪೆಂದರೆ ಟೆಕ್ಸ್ಚರ್‌ಗಳು (ಮಾದರಿಗಳಿಗೆ ಹೊದಿಸುವ ಚಿತ್ರಗಳು) ಪಿಎನ್‌ಜಿಯಲ್ಲೇ ಉಳಿದಿದ್ದವು. 4096×4096ರ ಒಂದು ಚಿತ್ರ ಕಂಪ್ರೆಸ್ ಆಗದೆ ಮೆಮೊರಿಗೆ ಹೋದರೆ 64 ಎಂಬಿ, ಮಿಪ್‌ಮ್ಯಾಪ್ (ದೂರದ ನೋಟಕ್ಕೆ ಬಳಸುವ ಚಿಕ್ಕ ಪ್ರತಿಗಳು) ಸೇರಿ 85. ಅದೇ ಚಿತ್ರ ಬಿಸಿ1 ಎಂಬ ಕಂಪ್ರೆಷನ್ನಿನ ಡಿಡಿಎಸ್ ಫೈಲ್ ಆದರೆ 10.7 ಎಂಬಿ, ಆಲ್ಫಾ (ಪಾರದರ್ಶಕತೆ) ಬೇಕಾದಾಗ ಬಿಸಿ3ಯಲ್ಲಿ 21.3. ಎಲ್ಲವನ್ನೂ ಡಿಡಿಎಸ್ ಮಾಡಿ, ಟರ್ಮಿನಲ್ಲಿಗೆ ಮೂರು ಎಲ್‌ಒಡಿ (ದೂರವಾದಂತೆ ವಿವರ ಇಳಿಯುವ ಮಾದರಿಗಳು) ಕೊಟ್ಟು, ಒಳಗಿನ ಕುರ್ಚಿ ಕೌಂಟರ್‌ಗಳನ್ನು ಹತ್ತಿರದ ಎಲ್‌ಒಡಿಯಲ್ಲಿ ಮಾತ್ರ ಉಳಿಸಿದೆವು.

ಇನ್ನು ನೆಲ. ನಮ್ಮ ದಾರಿ ಮೂರು ಟೈಲ್ (ಒಂದು ಡಿಗ್ರಿ ಅಕ್ಷಾಂಶ, ಒಂದು ಡಿಗ್ರಿ ರೇಖಾಂಶದ ನೆಲದ ತುಂಡು) ತುಳಿಯುತ್ತದೆ: +13+075ರಲ್ಲಿ ಹೊರಟು, ಆನಂದಪುರ ಸಿಗುವ ಮೊದಲು +14+075ಕ್ಕೆ, ಸಾಗರ ದಾಟಿದ ಮೇಲೆ +14+074ಕ್ಕೆ. ಸಿಮ್ ಸುತ್ತಲಿನ ಟೈಲ್‌ಗಳನ್ನು ಮುಂಚಿತವಾಗಿ ತುಂಬಿಕೊಳ್ಳುವುದರಿಂದ ಜಗ್ಗುವಿಕೆ ಗೆರೆ ದಾಟಿದ ಕ್ಷಣಕ್ಕೇ ಬರಬೇಕೆಂದಿಲ್ಲ. ಉಪಗ್ರಹ ಚಿತ್ರದಿಂದ ನೆಲ ಕಟ್ಟುವ ಆರ್ಥೊ4ಎಕ್ಸ್‌ಪಿ ತಂತ್ರಾಂಶದಲ್ಲಿ ಪೂರ್ತಿ ಝೂಮ್ (ಚಿತ್ರದ ವಿವರದ ಮಟ್ಟ) 17ರಲ್ಲಿ ಕಟ್ಟಿದರೆ ನಮ್ಮ ಅಕ್ಷಾಂಶದಲ್ಲಿ ಒಂದು ಟೈಲಿಗೆ ಸುಮಾರು 550 ಚಿತ್ರ, ಹತ್ತಿರಹತ್ತಿರ 6 ಜಿಬಿ. ಝೂಮ್ 16ಕ್ಕೆ ಅದರ ಕಾಲುಭಾಗ. 8 ಜಿಬಿಯ ಕಾರ್ಡಿನಲ್ಲಿ ಜಾಗ ಸಾಲದಾದಾಗ ಸಿಮ್ ಚಿತ್ರಗಳ ಗುಣಮಟ್ಟ ಇಳಿಸುತ್ತದೆ, ನೆಲ ಮಸುಕಾಗುತ್ತದೆ, ಮತ್ತೆ ತುಂಬುತ್ತದೆ, ಜಗ್ಗುವುದು ಆಗಲೇ. ಈಗ ಎಲ್ಲೆಡೆ 16, ನಿಲ್ದಾಣದ ಸುತ್ತ ಮತ್ತು ಜೋಗದಲ್ಲಿ ಮಾತ್ರ 18. ಜೋಗಕ್ಕೆ ಮೂರು ಉದ್ದ ಮೂರು ಅಗಲದ ಒಂಬತ್ತು ಚಿತ್ರ ಸಾಕು: ಏಳು ಕಿ.ಮೀ. ಚೌಕ, ನೂರು ಎಂಬಿಗೂ ಕಡಿಮೆ.

ಜೋಗದ 253 ಮೀಟರ್ ಗೋಡೆ ಚೂಪಾಗಲಿ ಅಂತ ಕರ್ವೇಚರ್ ಟಾಲರೆನ್ಸ್ (ಇಳಿಸಿದಷ್ಟೂ ನೆಲಕ್ಕೆ ತ್ರಿಕೋನ ಹೆಚ್ಚು) 2ರಿಂದ ಕೆಳಗಿಳಿಸಿದ್ದು ದೊಡ್ಡ ತಪ್ಪು. ಎತ್ತರದ ದತ್ತಾಂಶವೇ 30 ಮೀಟರಿಗೆ ಒಂದು ಚುಕ್ಕಿ. ಇಲ್ಲದ ವಿವರ ಅದರಿಂದ ಹುಟ್ಟುವುದಿಲ್ಲ. ಬದಲಿಗೆ ಘಟ್ಟದ ಇಳಿಜಾರಿನುದ್ದಕ್ಕೂ ತ್ರಿಕೋನ ತುಂಬಿಕೊಂಡಿತು. ಅದನ್ನು 2ಕ್ಕೆ ವಾಪಸ್ ತಂದು, ಜಲಪಾತದ ಗೋಡೆಗೆ ಮಾತ್ರ ಪ್ಯಾಚಸ್ ಫೋಲ್ಡರಿನಲ್ಲಿ ಒಂದು ಸಣ್ಣ ಪ್ಯಾಚ್ ಇಟ್ಟಿದ್ದೇವೆ.

ನಿಜವಾದ ಕಳ್ಳ ಅಡಿಕೆ ತೋಟ. ಒಂಬತ್ತು ಅಡಿಗೆ ಒಂದು ಗಿಡ ಅನ್ನುವ ತೋಟದ ಲೆಕ್ಕವನ್ನೇ ಫಾರೆಸ್ಟ್ ಫೈಲಿನ ಸ್ಪೇಸಿಂಗ್ ಸಾಲಿಗೆ 2.7 ಅಂತ ಹಾಕಲಾಗಿತ್ತು. ಹಾಗೆ ಮಾಡಿದರೆ ಚದರ ಕಿ.ಮೀ.ಗೆ ಸುಮಾರು 1,37,000 ಮರ. ಒಂದು ಮರಕ್ಕೆ ಅಡ್ಡಡ್ಡ ಎರಡು ಹಾಳೆ, ಅಂದರೆ ನಾಲ್ಕು ತ್ರಿಕೋನ; ಒಟ್ಟು ಐದೂವರೆ ಲಕ್ಷ. ಜೊತೆಗೆ ಸೋಗೆಯ ತೆಳ್ಳನೆ ಎಸಳುಗಳ ಸುತ್ತ ಪಾರದರ್ಶಕ ಜಾಗವೇ ಹೆಚ್ಚು, ತಗ್ಗಿನಲ್ಲಿ ಹಾರುವಾಗ ಒಂದೇ ಪಿಕ್ಸೆಲ್ಲಿನ ಮೇಲೆ ಹತ್ತಾರು ಹಾಳೆ ಬಂದು ಕೂರುತ್ತವೆ. ತೋಟದ ಕಡೆ ಮೂತಿ ತಿರುಗಿಸಿದ ಕೂಡಲೇ ಜಿಪಿಯು ಟೈಮ್ ಏರುತ್ತಿದ್ದುದು ಇದಕ್ಕೇ.

ಸ್ಪೇಸಿಂಗನ್ನು ಸುಮ್ಮನೆ 5.4 ಮಾಡಿದರೆ ಮರ ಕಾಲುಭಾಗಕ್ಕೆ ಇಳಿಯುತ್ತದೆ, ಆದರೆ ತೋಟ ರೋಗ ಬಿದ್ದ ಹಾಗೆ ಬೋಳಾಗಿ ಕಾಣುತ್ತದೆ. ಉಪಾಯ ಚಿತ್ರದಲ್ಲೇ ಇತ್ತು: ಒಂದು ಹಾಳೆಯಲ್ಲಿ ಒಂದು ಮರದ ಬದಲು ಬೇರೆ ಬೇರೆ ಎತ್ತರದ ಮೂರು ಮರ ಬರೆದೆವು. ಕಾಲುಭಾಗದ ಹಾಳೆಗಳಲ್ಲಿ ಮುಕ್ಕಾಲು ಭಾಗದ ಮರ ಕಾಣುತ್ತದೆ, ಕೆಳಗಿನ ಉಪಗ್ರಹ ಚಿತ್ರದ ಹಸಿರು ಉಳಿದದ್ದನ್ನು ತುಂಬುತ್ತದೆ. ರ‍್ಯಾಂಡಮ್ (ಗಿಡ ಸಾಲಿನಿಂದ ಆಚೀಚೆ ಸರಿಯುವ ಅಳತೆ) 0.3ರಲ್ಲೇ ಇರಲಿ; ಅಡಿಕೆಗೆ ಸಾಲು ಕಂಡರೇ ಅಂದ. ಗದ್ದೆಗೆ ತಾಗುವ ಅಂಚಿನಲ್ಲಿ ಮಾತ್ರ ಕಿರಿದಾದ ಪಟ್ಟಿಯೊಂದನ್ನು ಹಳೆಯ ದಟ್ಟಣೆಯಲ್ಲೇ ಬಿಟ್ಟಿದ್ದೇವೆ, ಏಕೆಂದರೆ ವಿಮಾನದಿಂದ ಕಣ್ಣಿಗೆ ಬೀಳುವುದು ಕಣಿವೆಯ ಆ ಗೋಡೆ.

ಇದರ ಕೆಳಗೆ ಇನ್ನೊಂದು ತಪ್ಪು ಅಡಗಿತ್ತು. ಸಿಮ್ಮಿನ ಮೂಲ ಕಾಡನ್ನು ತಡೆಯುವ ಎಕ್ಸ್‌ಕ್ಲೂಷನ್ ಝೋನ್ ವೆಡ್ (ಸೀನರಿ ತಯಾರಿಸುವ ವರ್ಲ್ಡ್‌ಎಡಿಟರ್ ತಂತ್ರಾಂಶ) ಒಳಗೆ ಎಳೆದಿರಲಿಲ್ಲ. ತೋಟದೊಳಗೆ ಕಾಡುಮರಗಳೂ ಬೆಳೆದು, ಒಂದೇ ಜಾಗಕ್ಕೆ ಎರಡು ಕಾಡು. ಝೋನ್ ಹಾಕಿದ ಮೇಲೆ ಸೀನರಿ ಪ್ಯಾಕ್ಸ್ ಫೈಲಿನಲ್ಲಿ ಪ್ಯಾಕ್‌ಗಳ ಕ್ರಮವನ್ನೂ ಸರಿಮಾಡಬೇಕು: ಮೇಲೆ ನಿಲ್ದಾಣ, ಆಮೇಲೆ ನಮ್ಮ ತೋಟಗಳು, ವೈ-ಆರ್ಥೊ ಓವರ್‌ಲೇ (ರಸ್ತೆ, ಕಾಡುಗಳ ಪದರ), ಎಲ್ಲಕ್ಕಿಂತ ಕೆಳಗೆ ಝಡ್-ಆರ್ಥೊ ಟೈಲ್‌ಗಳು (ನೆಲ). ಹೊಸ ಪ್ಯಾಕ್ ಹಾಕಿದಾಗಲೆಲ್ಲ ಸಿಮ್ ಅದನ್ನು ಪಟ್ಟಿಯ ಮೇಲ್ತುದಿಗೇ ಸೇರಿಸುತ್ತದೆ, ಪ್ರತಿ ಸಲ ತೆರೆದು ನೋಡಿ. ಫೈಲ್ ಓದುವುದು ತಡವಾಗದಂತೆ ಕಸ್ಟಮ್ ಸೀನರಿ ಫೋಲ್ಡರನ್ನು ಆಂಟಿವೈರಸ್ ತಪಾಸಣೆಯಿಂದ ಹೊರಗಿಡಿ.

ಈಗಿನ ಸ್ಥಿತಿ: ಸೋಗಾನೆಯಿಂದ ಸಾಗರದವರೆಗೆ ಹಾರಾಟ ನಯವಾಗಿದೆ. ಸಾಗರ ದಾಟಿದ ಮೇಲೆ ಒಂದು ಜಗ್ಗು ಇನ್ನೂ ಉಳಿದಿದೆ. ಲಿಂಗನಮಕ್ಕಿ ಹಿನ್ನೀರಿನ ದಡ ನೂರಾರು ಬೆರಳು, ನಡುಗಡ್ಡೆಗಳಾಗಿ ಒಡೆದಿರುವುದರಿಂದ ಅಲ್ಲಿ ಮೆಶ್ (ನೆಲದ ತ್ರಿಕೋನಗಳ ಬಲೆ) ದಟ್ಟವಾಗಿದೆ, ಅನುಮಾನ ಅದರ ಮೇಲೆ. ಮುಂದಿನ ಸುತ್ತಿನಲ್ಲಿ ಸಣ್ಣ ನಡುಗಡ್ಡೆಗಳನ್ನು ತೆಗೆದು, ದಡದ ಗೆರೆ ಸರಳ ಮಾಡಿ ಆ ಟೈಲ್ ಒಂದನ್ನೇ ಮತ್ತೆ ಕಟ್ಟುತ್ತೇವೆ. ಇಳಿಸಿಕೊಂಡ ಚಿತ್ರಗಳು ಆರ್ಥೊಫೋಟೋಸ್ ಫೋಲ್ಡರಿನಲ್ಲಿ ಇದ್ದೇ ಇವೆ, ಅದನ್ನು ಅಳಿಸಬೇಡಿ.