ಪಲ್ಸಾರ್ ಮಿಡಿತ ಮತ್ತು ಸೋಪಿನ ಕೈ

ಪುಣೆಯಲ್ಲಿ ಕೂತು ಕನ್ನಡದ ವಿಜ್ಞಾನ ಪಾಡ್‌ಕಾಸ್ಟ್ ಒಂದನ್ನು ಎಡಿಟ್ ಮಾಡುವುದು ನನ್ನ ಕೆಲಸ. ನಮ್ಮನ್ನು ಕೇಳುವವರು ಪಾತ್ರೆ ತೊಳೆಯುತ್ತಿರುತ್ತಾರೆ, ಇಲ್ಲವೇ ಹಿಂಜವಡಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿರುತ್ತಾರೆ. ಓದುವಾಗ ಅರ್ಥವಾಗದಿದ್ದರೆ ಮತ್ತೆ ಅದೇ ಸಾಲಿಗೆ ಹೋಗಬಹುದು. ಸೋಪು ಹತ್ತಿದ ಕೈಯಲ್ಲಿ ಫೋನ್ ಮುಟ್ಟಿ ಹಿಂದಕ್ಕೆ ಹೋಗುವವರು ಯಾರು?

ಅದಕ್ಕೇ ಸ್ಕ್ರಿಪ್ಟ್ ಬಂದ ಕೂಡಲೇ ನನ್ನ ಕಣ್ಣು ಅಂಕಿಗಳ ಮೇಲೆ. ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿರುವ ರೇಡಿಯೋ ದೂರದರ್ಶಕ ಜಿಎಂಆರ್‌ಟಿ ಬಗ್ಗೆ ಎಪಿಸೋಡ್ ಮಾಡಿದೆವು. ಸ್ಕ್ರಿಪ್ಟ್‌ನಲ್ಲಿ ಎಲ್ಲವೂ ಇತ್ತು: 30 ಆಂಟೆನಾ, ಒಂದೊಂದೂ 45 ಮೀಟರ್ ಅಗಲ, ಸುಮಾರು 25 ಕಿಲೋಮೀಟರ್ ಹರವು, ಜೊತೆಗೆ ಒಂದಿಷ್ಟು ಮೆಗಾಹರ್ಟ್ಸ್. ಎಲ್ಲ ಸರಿಯೇ, ಆದರೆ ಕಿವಿಯಲ್ಲಿ ಒಂದೂ ನಿಲ್ಲುವುದಿಲ್ಲ. 45 ಮೀಟರ್ ಒಂದನ್ನೇ ಉಳಿಸಿಕೊಂಡೆ. ಎರಡು ಕ್ರಿಕೆಟ್ ಪಿಚ್ ಉದ್ದಕ್ಕೆ ಜೋಡಿಸಿದರೂ ಇನ್ನೂ ಜಾಗ ಉಳಿಯುತ್ತದೆ ಅಂದರೆ ಸಾಕು.

ಆದರೆ ಸಮಯದ ಅಂಕಿಗಳ ಕಥೆಯೇ ಬೇರೆ. ಅವನ್ನು ಹೇಳಬೇಕಾಗಿಲ್ಲ, ಕೇಳಿಸಬಹುದು. ಪಲ್ಸಾರ್ ಅಂದರೆ ಗರಗರ ತಿರುಗುತ್ತಾ ರೇಡಿಯೋ ಅಲೆಗಳ ಮಿಡಿತ ಕಳಿಸುವ ನಕ್ಷತ್ರ. 1967ರಲ್ಲಿ ಖಗೋಳವಿಜ್ಞಾನಿ ಜೋಸೆಲಿನ್ ಬೆಲ್ ಗುರುತಿಸಿದ ಮೊದಲ ಪಲ್ಸಾರ್ ಸುಮಾರು 1.33 ಸೆಕೆಂಡಿಗೊಮ್ಮೆ ಮಿಡಿಯುತ್ತದೆ. ಟೈಮ್‌ಲೈನ್‌ನಲ್ಲಿ ಅಷ್ಟಷ್ಟು ದೂರಕ್ಕೆ ಒಂದೊಂದು ‘ಟಕ್’ ಇಟ್ಟೆ. ಮಾತಿಲ್ಲ. ಟಕ್... ಟಕ್... ಆಮೇಲೆ ವೇಲಾ ಪಲ್ಸಾರ್, ಸೆಕೆಂಡಿಗೆ ಸುಮಾರು 11 ಸಲ. ಅದು ಟಕಟಕಟಕ. ಕೊನೆಗೆ ಕ್ರ್ಯಾಬ್ ಪಲ್ಸಾರ್, ಸೆಕೆಂಡಿಗೆ ಸುಮಾರು 30 ಸಲ. ಅಷ್ಟು ಹೊತ್ತಿಗೆ ಬಿಡಿಬಿಡಿ ಟಕ್ ಹೋಗಿ ಗುರ್ ಅನ್ನುವ ಸದ್ದಾಗಿರುತ್ತದೆ. ಒಂದು ನಕ್ಷತ್ರ ಸೆಕೆಂಡಿಗೆ ಅಷ್ಟು ಸಲ ತಿರುಗುತ್ತದೆ ಅನ್ನುವುದು ಆಗ ಮೈಗೆ ತಾಗುತ್ತದೆ.

ಇಲ್ಲೊಂದು ಎಚ್ಚರ ಬೇಕು. ಅಲ್ಲಿಂದ ಬರುವುದು ರೇಡಿಯೋ ಅಲೆ, ಟಕ್ ನಾವು ಮಾಡಿದ್ದು. ಈ ಮಾತು ಟಕ್‌ಗಿಂತ ಮೊದಲೇ ಬರಬೇಕು. ಆಮೇಲೆ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅಷ್ಟರಲ್ಲಿ ‘ಆಕಾಶದಿಂದ ಸದ್ದು ಬರುತ್ತಂತೆ’ ಅಂತ ಫ್ಯಾಮಿಲಿ ಗ್ರೂಪಿಗೆ ಸುದ್ದಿ ಹೋಗಿರುತ್ತದೆ.

ಬೆಳಕಿನ ಎಪಿಸೋಡಿಗೂ ಇದೇ ಉಪಾಯ. ಶುರುವಿನಲ್ಲೇ ‘ಸೂರ್ಯನಿಂದ ಬೆಳಕು ಈಗ ಹೊರಟಿತು’ ಅಂದು ಬೇರೆ ಮಾತಿಗೆ ಹೋಗುವುದು, 8 ನಿಮಿಷ 20 ಸೆಕೆಂಡ್ ಆದಾಗ ಮಾತಿನ ನಡುವೆಯೇ ‘ಬಂತು ನೋಡಿ’ ಅನ್ನುವುದು. ಚಂದ್ರನಿಂದಾದರೆ ಸುಮಾರು 1.3 ಸೆಕೆಂಡ್, ಅಷ್ಟು ಹೊತ್ತು ಮೌನ. ತೊಂದರೆ ಏನೆಂದರೆ ಕೆಲವು ಆಪ್‌ಗಳು ಮೌನವನ್ನು ತಾವೇ ಕತ್ತರಿಸಿ ಹಾಕುತ್ತವೆ! ಅದಕ್ಕೆ ಅಡಿಯಲ್ಲಿ ಸಣ್ಣಗೆ ತಂಬೂರಿ ಶ್ರುತಿ ಹಾಕಿದೆ. ಒಂದೂವರೆ ಪಟ್ಟು ವೇಗದಲ್ಲಿ ಕೇಳುವವರಿಗೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ. ಅವರ ಸೂರ್ಯ ಬೇಗ ಬರುತ್ತಾನೆ.

ಎಡಿಟ್‌ನಲ್ಲಿ ಕತ್ತರಿ ಹಾಕಲು ಕೈ ತುರಿಸುವ ಇನ್ನೊಂದು ಜಾಗ ವಿಜ್ಞಾನಿಗಳ ತಡವರಿಕೆ. 2023ರ ಜೂನ್‌ನಲ್ಲಿ ಹಲವು ದೇಶಗಳ ತಂಡಗಳು ಪಲ್ಸಾರ್‌ಗಳ ಮಿಡಿತ ಅಳೆದು, ಜಾಗವನ್ನೇ ಹಿಗ್ಗಿಸಿ ಕುಗ್ಗಿಸುತ್ತಾ ಬಹಳ ನಿಧಾನವಾಗಿ ಏರಿಳಿಯುವ ಗುರುತ್ವ ಅಲೆಗಳ ಕುರುಹು ಕಂಡಿದೆ ಅಂದವು. ಅದರಲ್ಲಿ ನಮ್ಮ ಜಿಎಂಆರ್‌ಟಿ ಅಳತೆಗಳೂ ಇದ್ದವು. ಇದನ್ನು ವಿವರಿಸಲು ಪುಣೆಯಲ್ಲೇ ಭೌತಶಾಸ್ತ್ರ ಕಲಿಸುವ, ಧಾರವಾಡ ಕಡೆಯ ಮೇಡಂ ಒಬ್ಬರ ಮನೆಗೆ ಹೋಗಿದ್ದೆವು. ಫ್ಯಾನ್ ಬಂದ್, ಕುಕ್ಕರ್ ಬಂದ್. ‘ಇದು ಪಕ್ಕಾ ಆಯ್ತಾ ಮೇಡಂ?’ ಅಂದರೆ ಅವರು ಬಹಳ ಹೊತ್ತು ಯೋಚಿಸಿದರು. ‘ಪಕ್ಕಾ ಅನ್ನಾಕ ಇನ್ನೂ ಸ್ವಲ್ಪ ಅಳತಿ ಬೇಕ್ರಿ’ ಅಂದರು. ಆಮೇಲೆ ಮೈಕ್ ಕಡೆ ಬೆರಳು ತೋರಿಸಿ, ‘ಇದನ್ನ ಮಾತ್ರ ಕಟ್ ಮಾಡಬ್ಯಾಡ್ರಿ ಮತ್ತ.’

ಮಾಡಲಿಲ್ಲ. ಯೋಚಿಸಿದ ಹೊತ್ತನ್ನೂ ಹಾಗೇ ಬಿಟ್ಟೆ. ಹೆಸರಿಡುವಾಗ ‘ಗುರುತ್ವ ಅಲೆ ಸಿಕ್ಕೇಬಿಟ್ಟಿತು’ ಅಂತ ಹಾಕೋಣ ಅಂದವರಿದ್ದರು. ಕ್ಲಿಕ್ ಜಾಸ್ತಿ ಬರುತ್ತಿತ್ತೇನೋ. ಆದರೆ ಮುಂದಿನ ಸಲ ಮೇಡಂ ನಮ್ಮ ಫೋನ್ ಎತ್ತಬೇಕಲ್ವಾ?