ಮರದಲ್ಲೇ ಹಣ್ಣಾದ ಬಾದಾಮಿ

ಮೇ 18, 2025, ಭಾನುವಾರ ರಾತ್ರಿ
ಶ್ರೀರಂಗಪಟ್ಟಣ

ಬೆಳಗಿನ ಆ ಬಾದಾಮಿ ಮಾವಿನ ಹಣ್ಣು ಇನ್ನೂ ಕಣ್ಣ ಮುಂದೆಯೇ ಇದೆ. ಸಿಪ್ಪೆ ಮೇಲೆ ಒಂದು ಚುಕ್ಕೆ ಇಲ್ಲ, ಮೂಗಿನ ಹತ್ತಿರ ಹಿಡಿದರೆ ಘಮಘಮ. ಕೊಯ್ದರೆ ವಾಟೆಯ ಸುತ್ತ ಬೆಳ್ಳಗೆ, ಬೆಂಡಿನ ಹಾಗೆ, ಬಾಯಿಗಿಟ್ಟರೆ ಹುಳಿ. ನಮ್ಮ ತೋಟದ ಮನೆಯಲ್ಲಿ ರೂಮು ಹಿಡಿದಿದ್ದ ಬೆಂಗಳೂರಿನ ಹಿರಿಯರು ತಟ್ಟೆ ಸರಿಸಿ, "ಏನಮ್ಮ, ಕಾರ್ಬೈಡ್ ಹಾಕಿದ್ದೀರಾ?" ಅಂದರು.

"ಇಲ್ಲ ಸಾರ್, ನಿನ್ನೆ ನಿಮ್ಮ ಮೊಮ್ಮಗಳೇ ಮರದಿಂದ ಕಿತ್ತ ಹಣ್ಣು ಇದು."

"ಮರದಲ್ಲೇ ಹಣ್ಣಾದದ್ದು ಹೀಗಿರುತ್ತಾ?"

ಮರದಲ್ಲೇ ಹಣ್ಣಾಗಲು ಬಿಟ್ಟದ್ದಕ್ಕೇ ಹೀಗೆ ಅಂತ ಹೇಳಿದರೆ ಯಾರು ನಂಬುತ್ತಾರೆ? ಕಾರ್ಬೈಡ್ ಪುಡಿ ಇಟ್ಟು ಬಲವಂತವಾಗಿ ಹಣ್ಣು ಮಾಡಿದ್ದು ಬೇರೆ ಥರ: ಸಿಪ್ಪೆ ಪೂರ್ತಿ ಹಳದಿ, ಒಳಗೆ ಗಟ್ಟಿ, ವಾಸನೆಯೇ ಇಲ್ಲ. ಇದು ಸ್ಪಂಜಿ ಟಿಶ್ಯೂ, ಬಾದಾಮಿಗೆ ಅಂಟಿಕೊಂಡ ದೋಷ. ಹುಳವೂ ಅಲ್ಲ, ಕೊಳೆಯೂ ಅಲ್ಲ, ಹೊರಗಿಂದ ಯಾರಿಗೂ ಗೊತ್ತಾಗುವುದಿಲ್ಲ. ಕಾದ ನೆಲದ ಝಳ ಹಣ್ಣಿಗೆ ಹೊಡೆಯುವುದು ಒಂದು ಕಾರಣ. ಹಣ್ಣು ಮರದಲ್ಲೇ ಉಳಿದಷ್ಟೂ ಒಳಗಿನ ಬೀಜ ಮೊಳೆಯಲು ಸಿದ್ಧವಾಗುತ್ತದೆ, ಅದರಿಂದ ಸುತ್ತಲ ತಿರುಳು ಕೆಡುತ್ತದೆ ಎನ್ನುವುದು ಇನ್ನೊಂದು. ಎರಡಕ್ಕೂ ಮದ್ದು ಒಂದೇ, ಬಲಿತ ಕೂಡಲೇ ಕೀಳಬೇಕು.

ಬಲಿತಿದೆಯಾ ಅಂತ ನೋಡಲು ಬಣ್ಣ ನಂಬಬಾರದು. ತೊಟ್ಟಿನ ಎರಡೂ ಕಡೆ ಭುಜ ಉಬ್ಬಿ, ತೊಟ್ಟು ಗುಳಿಯೊಳಗೆ ಕೂತಿರಬೇಕು. ಅನುಮಾನವಿದ್ದರೆ ಒಂದು ಕಾಯಿ ಕಿತ್ತು ಬಕೆಟ್ ನೀರಿಗೆ ಹಾಕಿ. ಮುಳುಗಿದರೆ ಬಲಿತಿದೆ, ತೇಲಿದರೆ ಎಳಸು. ಬಿಸಿಲೇರುವ ಮೊದಲೇ, ಬಲೆ ಕಟ್ಟಿದ ದೋಟಿಯಲ್ಲಿ, ಒಂದೆರಡು ಇಂಚು ತೊಟ್ಟು ಬಿಟ್ಟು ಕೀಳಬೇಕು. ತೊಟ್ಟು ಬುಡದಲ್ಲೇ ಮುರಿದರೆ ಸೊನೆ ಸಿಡಿದು ಸಿಪ್ಪೆ ಸುಡುತ್ತದೆ, ಕಪ್ಪು ಕಲೆಯಾಗುತ್ತದೆ. ಆಮೇಲೆ ನೆರಳಿನಲ್ಲಿ ತೊಟ್ಟು ಕತ್ತರಿಸಿ, ಕಾಯಿಯನ್ನು ತಲೆಕೆಳಗಾಗಿ ಇಟ್ಟು ಒಂದೆರಡು ಗಂಟೆ ಸೊನೆ ಇಳಿಸಬೇಕು. ಬರೀ ನೆಲದ ಮೇಲೆ ಮಾತ್ರ ಬೇಡ, ಕಿತ್ತ ಮೇಲೂ ಆ ಝಳ ಬಿಡುವುದಿಲ್ಲ.

ಅಡೆ ಹಾಕುವುದು ಅತ್ತೆಯ ಕೆಲಸ. ಭತ್ತದ ಹುಲ್ಲು ನಾಲ್ಕು ಬೆರಳು ದಪ್ಪ ಹಾಸಿ, ಕಾಯಿಗಳನ್ನು ಒಂದಕ್ಕೊಂದು ತಾಗದಂತೆ ಒಂದೇ ಪದರ ಜೋಡಿಸಿ, ಮೇಲೆ ಮತ್ತೆ ಹುಲ್ಲು. ಎರಡು ಪದರಕ್ಕಿಂತ ಹೆಚ್ಚಾದರೆ ಅಡಿಯದು ಬೆವರಿ ಕೊಳೆಯುತ್ತದೆ. ಮೂರನೇ ದಿನದಿಂದ ಕೈಯಾಡಿಸಿ ದೋರಗಾಯಿ (ಅರೆ ಹಣ್ಣಾದದ್ದು), ಹಣ್ಣು ಬೇರೆ ಮಾಡುತ್ತಾರೆ. ವಾರದೊಳಗೆ ತಿನ್ನಲು ಸಿದ್ಧ.

ಮಧ್ಯಾಹ್ನ ನಮ್ಮ ಯಜಮಾನರ ಜೊತೆ ಕೂತು ಎರಡು ತೀರ್ಮಾನ ಮಾಡಿದೆವು. ಬಾದಾಮಿಯನ್ನು ಇಡೀ ಹಣ್ಣಾಗಿ ಮೇಜಿಗಿಡುವುದು ಬೇಡ. ಅಡುಗೆಮನೆಯಲ್ಲೇ ಕೊಯ್ದು ನೋಡಿ ಬಡಿಸುವುದು. ನೆಲದ ಝಳ ತಡೆಯಲು ಬಾದಾಮಿ ಮರಗಳ ಬುಡದಲ್ಲಿ, ಕೊಂಬೆ ಹರಡಿರುವಷ್ಟು ಅಗಲಕ್ಕೂ ಒಣಗಿದ ಎಲೆ, ಹುಲ್ಲಿನ ಹೊದಿಕೆ. ಈ ಸಲಕ್ಕೆ ತಡವಾಯಿತು, ಮುಂದಿನ ವರ್ಷ ಬೇಸಿಗೆ ಶುರುವಾಗುವ ಮೊದಲೇ ಹಾಕಬೇಕು. ಹೊಸ ಗಿಡ ನೆಡುವುದಾದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಪುನೀತ್ ಇರಲಿ ಅಂತ ನಾನು. ಅದು ಬಾದಾಮಿಗೆ ಬಂಗನಪಲ್ಲಿ ಸೇರಿಸಿ ಮಾಡಿದ ತಳಿ, ಅದಕ್ಕೆ ಈ ದೋಷವಿಲ್ಲ. ಇವರಿಗೆ ಮಲ್ಲಿಕಾ ತಳಿಯ ಮೇಲೆ ಆಸೆ.

ಹಿರಿಯರು ಹೊರಡುವಾಗ ಅಡೆಯ ಹಣ್ಣು ಎರಡು ಡಜನ್ ಕೊಂಡರು. ಮನಸ್ಸು ಸ್ವಲ್ಪ ಹಗುರಾಯಿತು.

ಶುಕ್ರವಾರಕ್ಕೆ ರೂಮು ಕೇಳಿದವರು ಫೋನಿನಲ್ಲಿ ಮೊದಲು ಕೇಳಿದ್ದೇ "ಮರದಲ್ಲೇ ಹಣ್ಣಾದದ್ದು ಕೀಳಬಹುದಾ?" ಅಂತ. ರಸಪುರಿ ಸಾಲಿಗೆ ಕರೆದುಕೊಂಡು ಹೋಗಬಹುದು, ನಮ್ಮಲ್ಲಿ ಅದಕ್ಕೆ ಈ ಕಾಟ ಕಂಡಿಲ್ಲ. ಆದರೆ ಆ ಮರಗಳ ಕೆಳಗೊಂಬೆ ಕಾಯಿ ಎಲ್ಲ ಆಗಲೇ ಕಿತ್ತಾಗಿದೆ, ಮೇಲಿನದು ಮಕ್ಕಳ ದೋಟಿಗೆ...