ಹಲಗೆಯ ಮೇಲೆ ನಾಲ್ಕು ಹೆಸರು

17 ಮಾರ್ಚ್ 2025, ಸೋಮವಾರ

ಬೆಳಿಗ್ಗೆ ಎಂಟೂವರೆಗೇ ಶಾಲೆಯ ಗೇಟು ತೆಗೆಸಿಕೊಂಡು ಒಳಗೆ ಹೋದೆ. ಶುಕ್ರವಾರದಿಂದ ಹತ್ತನೆಯವರಿಗೆ ಪರೀಕ್ಷೆ. ಪ್ರವೇಶಪತ್ರಗಳನ್ನು ದಾಖಲಾತಿ ರಿಜಿಸ್ಟರಿನ ಜೊತೆ ಇನ್ನೊಮ್ಮೆ ತಾಳೆ ನೋಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದಕ್ಕೂ ಮೊದಲು ಹಲಗೆ ಬರೆಯಬೇಕಿತ್ತು. ಮುಖ್ಯಶಿಕ್ಷಕರ ಕೊಠಡಿಯ ಪಕ್ಕದ ಗೋಡೆಯಲ್ಲಿರುವ ಸಣ್ಣ ಕಪ್ಪುಹಲಗೆಯ ನೆತ್ತಿಯಲ್ಲಿ ‘ಇಂದು ಹುಟ್ಟಿದವರು’ ಎಂದು ಬಿಳಿ ಬಣ್ಣದಲ್ಲಿ ಬರೆಸಿ ಆರು ವರ್ಷವಾಯಿತು. ಕೆಲವು ದಿನ ಒಂದು ಹೆಸರಿಗೂ ತಡಕಾಡುತ್ತೇನೆ. ಮಾರ್ಚ್ 17 ಹಾಗಲ್ಲ. ಈ ದಿನಕ್ಕಾಗಿ ವಾರದ ಮೊದಲೇ ಹೊಸ ಸೀಮೆಸುಣ್ಣ ತೆಗೆದಿರಿಸುತ್ತೇನೆ.

ನಾಲ್ಕು ಸಾಲು ಬರೆದೆ. 1887, ಡಿ.ವಿ. ಗುಂಡಪ್ಪ, ಮುಳಬಾಗಿಲು. 1962, ಕಲ್ಪನಾ ಚಾವ್ಲಾ, ಕರ್ನಾಲ್. 1975, ಪುನೀತ್ ರಾಜ್‌ಕುಮಾರ್, ಮದ್ರಾಸು. 1990, ಸೈನಾ ನೆಹ್ವಾಲ್, ಹಿಸಾರ್.

ಪ್ರಾರ್ಥನೆಯ ಗಂಟೆಗೆ ಇನ್ನೂ ಹೊತ್ತಿತ್ತು. ಮಕ್ಕಳು ಒಬ್ಬೊಬ್ಬರಾಗಿ ಬಂದು ಹಲಗೆಯ ಮುಂದೆ ನಿಂತರು. ಎಲ್ಲರ ಬೆರಳೂ ಮೂರನೆಯ ಸಾಲಿಗೆ ಹೋಯಿತು. ಇದ್ದಿದ್ದರೆ ಅಪ್ಪು ಅವರಿಗೆ ಇಂದು ಐವತ್ತು ತುಂಬುತ್ತಿತ್ತು. ಇದನ್ನು ನಾನು ಹೇಳಬೇಕಾಗಿ ಬರಲಿಲ್ಲ. ಏಳನೆಯ ತರಗತಿಯ ಹುಡುಗಿಯೊಬ್ಬಳು ಗುಲಾಬಿ ಸೀಮೆಸುಣ್ಣ ಕೇಳಿ ತೆಗೆದುಕೊಂಡು, ತುದಿಗಾಲಲ್ಲಿ ನಿಂತು, ಆ ಹೆಸರಿನ ಸುತ್ತ ಒಂದೊಂದೇ ಹೂವು ಬಿಡಿಸಿದಳು. ಒಟ್ಟು ಹದಿನಾರು. ಕೆಳಗಿನ ಸಾಲಿನ ಸೈನಾಳ ತಲೆಕಟ್ಟು ಅಳಿಸಿಹೋಗದಂತೆ ಅಂಗೈಯನ್ನು ಎತ್ತಿ ಹಿಡಿದುಕೊಂಡೇ ಬರೆಯುತ್ತಿದ್ದಳು. ಅವಳ ಆ ಎಚ್ಚರ ಕಣ್ಣಿನಿಂದ ಹೋಗುತ್ತಿಲ್ಲ.

“ಇವರಲ್ಲಿ ನಮ್ಮ ತಾಲ್ಲೂಕಿನವರು ಯಾರು?” ಎಂದು ಕೇಳಿದೆ. ಊರಿನ ಹೆಸರು ಹಲಗೆಯ ಮೇಲೇ ಇದ್ದರೂ ಒಂದು ಗಳಿಗೆ ಯಾರೂ ಬಾಯಿ ಬಿಡಲಿಲ್ಲ. ನೋವಾಯಿತು. ತಪ್ಪು ಮಕ್ಕಳದ್ದಲ್ಲ. ಕಗ್ಗದ ನಾಲ್ಕು ಸಾಲನ್ನು ಕಂಠಪಾಠ ಮಾಡಿಸುತ್ತೇವೆ, ಅದನ್ನು ಬರೆದವರು ಇದೇ ಮಣ್ಣಿನಲ್ಲಿ ಅಂಬೆಗಾಲಿಟ್ಟವರು ಎಂದು ಹೇಳುವುದನ್ನು ಮರೆಯುತ್ತೇವೆ. ಆಗ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬೇರೆಯದೇ ಪ್ರಶ್ನೆ ಕೇಳಿದ. “ಮೇಡಂ, ಡಿವಿಜಿ ಅವರು ಇದ್ದಾಗ ಅಪ್ಪು ಹುಟ್ಟಿದ್ದರಾ?”

ಇಷ್ಟು ವರ್ಷ ಈ ನಾಲ್ಕು ಹೆಸರುಗಳನ್ನು ಒಂದರ ಕೆಳಗೊಂದು ಬರೆದಿದ್ದೇನೆ, ಹೀಗೆ ಯೋಚಿಸಿರಲಿಲ್ಲ. ಡಿವಿಜಿ ತೀರಿಕೊಂಡದ್ದು 1975ರ ಅಕ್ಟೋಬರ್ 7ರಂದು. “ನೀನೇ ಲೆಕ್ಕ ಹಾಕು” ಎಂದೆ. ಹುಡುಗ ಮುಷ್ಟಿ ಮಡಚಿ, ಗೆಣ್ಣುಗಳ ಮೇಲೆ ಮೂವತ್ತು ಮೂವತ್ತೊಂದು ಎಂದು ಎಣಿಸುತ್ತ ಹೋದ. ಮಾರ್ಚಿನಲ್ಲಿ ಉಳಿದದ್ದು ಹದಿನಾಲ್ಕು, ಏಪ್ರಿಲ್ ಸೇರಿ ನಲವತ್ತನಾಲ್ಕು, ಹೀಗೆ. ಕೊನೆಗೆ ಇನ್ನೂರ ನಾಲ್ಕು ದಿನ ಎಂದು ಬಂತು. ಡಿವಿಜಿ ಎಂಬತ್ತೆಂಟು ತುಂಬಿಸಿಕೊಂಡ ದಿನವೇ ಮದ್ರಾಸಿನಲ್ಲಿ ರಾಜ್‌ಕುಮಾರ್ ದಂಪತಿಗೆ ಐದನೆಯ ಮಗು ಹುಟ್ಟಿತು. ಕನ್ನಡ ಸಿನಿಮಾದ ಹೆಚ್ಚಿನ ಕೆಲಸ ಆಗ ಅಲ್ಲೇ ನಡೆಯುತ್ತಿತ್ತು. ಮಗುವಿಗೆ ಮೊದಲು ಇಟ್ಟ ಹೆಸರು ಲೋಹಿತ್. ಬೆಂಗಳೂರಿನಲ್ಲಿ ಆ ಹಿರಿಯರು, ಮದ್ರಾಸಿನ ತೊಟ್ಟಿಲಲ್ಲಿ ಈ ಮಗು. ಇನ್ನೂರ ನಾಲ್ಕು ದಿನ ಇಬ್ಬರೂ ಒಂದೇ ಬಿಸಿಲು ಮಳೆ ಕಂಡರು. ಹುಡುಗ ತನ್ನ ಲೆಕ್ಕವನ್ನು ಹಲಗೆಯ ಮೂಲೆಯಲ್ಲಿ ಚಿಕ್ಕದಾಗಿ ಬರೆದ. ಬರೆಯಲಿ ಎಂದು ಬಿಟ್ಟೆ.

ಡಿವಿಜಿ ಮೆಟ್ರಿಕ್ಯುಲೇಷನ್ ದಾಟಲಿಲ್ಲ. ಪರೀಕ್ಷೆಗೆ ನಾಲ್ಕು ದಿನ ಇರುವಾಗ ಇದನ್ನು ಹೇಳಬಹುದೇ ಎಂದು ಅನುಮಾನಿಸಿದೆ, ಆದರೂ ಹೇಳಿದೆ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತದಲ್ಲಿ ಹಿಂದೆ ಬಿದ್ದು ತಿಂಗಳಿಂದ ತಲೆ ತಗ್ಗಿಸಿ ಓಡಾಡುತ್ತಿರುವ ಮಗುವೊಂದು ಗುಂಪಿನ ಹಿಂದೆ ನಿಂತಿತ್ತು. ಅದರ ಕಿವಿಗೆ ಬೀಳಲೆಂದೇ ಹೇಳಿದೆ. ಪತ್ರಿಕೆ ನಡೆಸಿದರು, 1943ರಲ್ಲಿ ಕಗ್ಗದ 945 ಪದ್ಯಗಳನ್ನು ಕೊಟ್ಟರು, 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. 1970ರಲ್ಲಿ ಬೆಂಗಳೂರಿನಲ್ಲಿ ಸನ್ಮಾನ ಮಾಡಿ ಒಂದು ಲಕ್ಷ ರೂಪಾಯಿ ಅರ್ಪಿಸಿದರೆ, ಅದನ್ನು ಹಾಗೆಯೇ ಆ ಸಂಸ್ಥೆಗೆ ಕೊಟ್ಟುಬಿಟ್ಟರು. ಅಂದಿನ ಒಂದು ಲಕ್ಷವೆಂದರೆ ಎಷ್ಟು ಎಂದು ಮಕ್ಕಳಿಗೆ ತಿಳಿಸಲು ನನಗೆ ಸಾಕುಸಾಕಾಯಿತು.

ಅಪ್ಪು ಅವರ ವಿಷಯದಲ್ಲಿ ಮಕ್ಕಳಿಗೆ ಹಾಡು, ಕುಣಿತ ಎಲ್ಲ ಗೊತ್ತು. ನಾನು ವಿಜ್ಞಾನದ ಶಿಕ್ಷಕಿ, ನನಗೆ ಗೊತ್ತಿದ್ದದ್ದನ್ನು ಹೇಳಿದೆ. 2021ರ ಅಕ್ಟೋಬರ್ 29ರಂದು ಅವರು ಹೋದ ಮೇಲೆ ಕೊಟ್ಟ ಎರಡು ಕಣ್ಣುಗಳಿಂದ ದೃಷ್ಟಿ ಬಂದದ್ದು ನಾಲ್ವರಿಗೆ. ಎರಡು ಕಣ್ಣು, ನಾಲ್ವರು ಹೇಗೆ? ಕಣ್ಣಿನ ಮುಂಭಾಗದಲ್ಲಿ ಕಾರ್ನಿಯಾ ಎಂಬ ಪಾರದರ್ಶಕ ಪೊರೆ ಇದೆ. ಅದನ್ನು ಹೊರಪದರ, ಒಳಪದರ ಎಂದು ಸೀಳಿದರು. ಹೊರಪದರ ಕೆಟ್ಟವರಿಬ್ಬರಿಗೆ ಹೊರಗಿನದು, ಒಳಪದರ ಕೆಟ್ಟವರಿಬ್ಬರಿಗೆ ಒಳಗಿನದು. ಮಧ್ಯಾಹ್ನದ ಸಾಂಬಾರಿಗೆಂದು ತಂದಿಟ್ಟಿದ್ದ ಈರುಳ್ಳಿಯೊಂದನ್ನು ಅಡುಗೆಯವರಿಂದ ಕೇಳಿ ತಂದು ಪೊರೆ ಬಿಡಿಸಿ ತೋರಿಸಿದೆ. ಹೂವು ಬಿಡಿಸಿದ ಹುಡುಗಿ ಆ ಪೊರೆಯನ್ನು ಕಣ್ಣಿಗೆ ಹಿಡಿದು ಅಂಗಳವನ್ನೆಲ್ಲ ನೋಡಿದಳು.

ಸೈನಾ ಬಗ್ಗೆ ಹೇಳುವಷ್ಟರಲ್ಲಿ ಗಂಟೆ ಬಾರಿಸಿತು. ಶಟಲ್ ಆಡುವ ಹುಡುಗಿಯರಿಗೆ ಮಾತ್ರ ನಡೆಯುತ್ತಲೇ ಎರಡು ಮಾತು ಹೇಳಿದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ಯಾಡ್ಮಿಂಟನ್ ಆಟಕ್ಕೆ ನಮ್ಮ ದೇಶದ ಮೊದಲ ಪದಕ ತಂದವರು. 2014ರಲ್ಲಿ ಬೆಂಗಳೂರಿಗೆ ಬಂದು ವಿಮಲ್ ಕುಮಾರ್ ಅವರ ಬಳಿ ಅಭ್ಯಾಸ ಮಾಡಿ, ಮರುವರ್ಷ ಜಗತ್ತಿನ ಒಂದನೆಯ ಸ್ಥಾನಕ್ಕೇರಿದರು. ನನಗೆ ಇವೆರಡಕ್ಕಿಂತ ದೊಡ್ಡದಾಗಿ ಕಾಣುವುದು ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ, 2018ರ ಕಾಮನ್‌ವೆಲ್ತ್ ಕೂಟದ ಫೈನಲ್‌ನಲ್ಲಿ ಸಿಂಧು ಅವರನ್ನು ಸೋಲಿಸಿ ಗೆದ್ದ ಚಿನ್ನ.

ಹತ್ತು ಗಂಟೆಯಿಂದ ರಿಜಿಸ್ಟರ್ ಹಿಡಿದು ಕುಳಿತೆ. ಈಗಿನ ಮಕ್ಕಳ ಜನ್ಮದಿನಾಂಕಕ್ಕೆ ಆಸ್ಪತ್ರೆಯ ದಾಖಲೆ ಇದೆ, ತೊಂದರೆಯಿಲ್ಲ. ಬೀರುವಿನಲ್ಲಿ ಕೆಳಗಿದ್ದ ಹಳೆಯ ವಹಿಯೊಂದನ್ನು ಸುಮ್ಮನೆ ತೆರೆದೆ. ಒಂದು ಪುಟದಲ್ಲಿ ಇಪ್ಪತ್ತು ಹೆಸರು, ಅವುಗಳಲ್ಲಿ ಹದಿಮೂರಕ್ಕೆ ಜೂನ್ 1. ದಿನ ಗೊತ್ತಿಲ್ಲದ ತಂದೆ ತಾಯಿ, ಶಾಲೆ ಶುರುವಾಗುವ ತಿಂಗಳನ್ನೇ ಹುಟ್ಟಿದ ತಿಂಗಳಾಗಿ ಬರೆದುಕೊಂಡ ಮೇಷ್ಟರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಒಮ್ಮೆ ಏರಿದ ಮೇಲೆ ಅದೇ ಕೊನೆಯವರೆಗೆ, ನೌಕರಿಗೂ ಅದೇ, ನಿವೃತ್ತಿಗೂ ಅದೇ.

ಕಲ್ಪನಾ ಚಾವ್ಲಾ ಅವರಿಗೂ ಹೀಗೊಂದು ಕಾಗದದ ಜನ್ಮದಿನವಿತ್ತು. ಹುಟ್ಟಿದ್ದು 1962ರ ಮಾರ್ಚ್ 17. ಮೆಟ್ರಿಕ್ ಪರೀಕ್ಷೆಗೆ ವಯಸ್ಸು ಸಾಲದೆಂದು ದಾಖಲೆಯಲ್ಲಿ 1961ರ ಜುಲೈ 1 ಎಂದಾಯಿತು. ಮನೆಯಲ್ಲಿ ಮೊಂಟೂ ಎನ್ನುತ್ತಿದ್ದರು. ಶಾಲೆಗೆ ಸೇರುವಾಗ ಹೆಸರನ್ನು ತಾನೇ ಆರಿಸಿಕೊಂಡಳು ಆ ಮಗು. ಆ ಶಾಲೆಯಲ್ಲೂ ನನ್ನ ಹಾಗೆ ಯಾರೋ ಒಬ್ಬರು ವಹಿ ತೆರೆದು ಕುಳಿತಿದ್ದಿರಬೇಕು, ಮುಂದೆ ನಿಂತ ಪುಟ್ಟ ಹುಡುಗಿ “ಕಲ್ಪನಾ” ಎಂದಿರಬೇಕು. ಅದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ನಾಸಾಕ್ಕೂ ಆ ಜುಲೈ 1 ಹಿಂಬಾಲಿಸಿತು. ನಾನು ಹಲಗೆಯ ಮೇಲೆ ಬರೆಯುವುದು ಮಾತ್ರ ಮಾರ್ಚ್ 17. ತಾಯಿ ಹೆತ್ತ ದಿನ ಅದು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ನನ್ನನ್ನೇ ಹುಡುಕಿಕೊಂಡು ಬಂದಳು. “ಮೇಡಂ, ಕಲ್ಪನಾ ಚಾವ್ಲಾ ಈ ವಾರ ಇಳಿಯುತ್ತಾರಂತೆ.” ಟಿವಿಯಲ್ಲಿ ಸುನೀತಾ ವಿಲಿಯಮ್ಸ್ ಅವರ ಸುದ್ದಿ ನೋಡಿದ್ದಾಳೆ, ಎರಡು ಹೆಸರೂ ಬೆರೆತುಹೋಗಿವೆ. ಕಲ್ಪನಾ ಅವರು ಹೋಗಿ ಇಪ್ಪತ್ತೆರಡು ವರ್ಷವಾಯಿತು ಎಂದಾಗ ಅವಳ ಮುಖ ಸಣ್ಣದಾಯಿತು.

2003ರ ಫೆಬ್ರವರಿ 1, ಶನಿವಾರ ಸಂಜೆ. ಆ ಹೊತ್ತು ನನಗೆ ನಿನ್ನೆಯಂತಿದೆ. ಒಲೆಯ ಮೇಲೆ ಹಾಲಿಟ್ಟು ಟಿವಿಯ ಮುಂದೆ ಬಂದು ನಿಂತವಳು, ಹಾಲು ಉಕ್ಕಿ ಸೀದ ವಾಸನೆ ಬರುವವರೆಗೂ ಕದಲಲಿಲ್ಲ. ನೀಲಿ ಆಕಾಶದಲ್ಲಿ ಬಿಳಿಯ ಗೆರೆಯೊಂದು ಎರಡಾಯಿತು, ಮೂರಾಯಿತು. ಕಲ್ಪನಾ ಅವರಿದ್ದ ಕೊಲಂಬಿಯಾ ನೌಕೆ ಇಳಿಯಲು ಹದಿನಾರು ನಿಮಿಷ ಉಳಿದಿತ್ತು. ಜನವರಿ 16ರಂದು ಹಾರುವಾಗ, ನೆಲ ಬಿಟ್ಟ ಎಂಬತ್ತೆರಡನೆಯ ಸೆಕೆಂಡಿನ ಹೊತ್ತಿಗೆ ಇಂಧನ ತೊಟ್ಟಿಯ ಹೊದಿಕೆಯಿಂದ ಕಳಚಿದ ನೊರೆತುಂಡು ಎಡರೆಕ್ಕೆಯ ಅಂಚಿಗೆ ಬಡಿದು ತೂತು ಮಾಡಿತ್ತು. ಹದಿನಾರು ದಿನ ಏಳು ಮಂದಿ ಅದೇ ರೆಕ್ಕೆಯ ಮೇಲೆ ಭೂಮಿಯನ್ನು ಸುತ್ತುತ್ತ, ಎಂಬತ್ತರಷ್ಟು ಪ್ರಯೋಗ ನಡೆಸಿದರು. ಮರಳುವಾಗ ಬೆಂಕಿಯಂಥ ಗಾಳಿ ಆ ತೂತಿನಿಂದ ಒಳಗೆ ನುಗ್ಗಿತು. ನಾಲ್ಕು ದಿನದ ಬಳಿಕ ನಮ್ಮ ಹವಾಮಾನ ಉಪಗ್ರಹಕ್ಕೆ ಕಲ್ಪನಾ-1 ಎಂದು ಹೆಸರಿಟ್ಟರು. ಮರುವರ್ಷ ನಮ್ಮ ರಾಜ್ಯ ಸರ್ಕಾರ ಯುವ ವಿಜ್ಞಾನಿ ಹೆಣ್ಣುಮಕ್ಕಳಿಗೆ ಅವರ ಹೆಸರಿನ ಪ್ರಶಸ್ತಿ ಆರಂಭಿಸಿತು.

ಇಷ್ಟನ್ನೂ ಕೇಳಿದ ಮೇಲೆ ಹುಡುಗಿ ಕೇಳಿದಳು. “ಸುನೀತಾ ಅವರು ಬರುವ ನೌಕೆಯೂ ಅದೇ ತರಹದ್ದಾ?”

ಅಲ್ಲ ಎಂದು ಗಟ್ಟಿಯಾಗಿಯೇ ಹೇಳಿದೆ. ಸುನೀತಾ ಬರುವ ಡ್ರ್ಯಾಗನ್ ನೌಕೆಗೆ ರೆಕ್ಕೆಗಳಿಲ್ಲ. ಹಾರುವಾಗ ಅದು ರಾಕೆಟ್ಟಿನ ಪಕ್ಕದಲ್ಲಿ ತೂಗಿಕೊಂಡಿರುವುದಿಲ್ಲ, ನೆತ್ತಿಯ ಮೇಲೆ ಕುಳಿತಿರುತ್ತದೆ. ಕಳಚಿ ಬಿದ್ದದ್ದು ಬಡಿಯಲು ಮೇಲೆ ಏನೂ ಇಲ್ಲ. ಬರುವಾಗ ತಳದ ಶಾಖಕವಚವನ್ನು ಮುಂದು ಮಾಡಿಕೊಂಡು, ಕೊನೆಗೆ ಪ್ಯಾರಾಚೂಟ್ ಬಿಚ್ಚಿ ಸಮುದ್ರಕ್ಕೆ ಇಳಿಯುತ್ತದೆ. ತಂಬಿಗೆಯೊಂದನ್ನು ನೀರಿನ ತೊಟ್ಟಿಗೆ ಇಳಿಬಿಟ್ಟು ತೋರಿಸಿದೆ. ಎಂಟು ದಿನಕ್ಕೆಂದು ಹೋಗಿ ಒಂಬತ್ತು ತಿಂಗಳು ಉಳಿದವರು, ಬುಧವಾರ ಬೆಳಗಿನ ಜಾವ ಮೂರೂವರೆಗೆ ಇಳಿಯಬೇಕು. ಹುಡುಗಿಗೆ ಧೈರ್ಯ ಹೇಳಿದೆನಾದರೂ ನನ್ನ ಎದೆಯ ಮೇಲಿನ ಭಾರ ಇಳಿದಿಲ್ಲ. ಒಮ್ಮೆ ಆ ಬಿಳಿಯ ಗೆರೆ ನೋಡಿದವರಿಗೆ ಅದು ಇಳಿಯುವುದಿಲ್ಲವೇನೋ.

ಸಂಜೆ ಹೊರಡುವಾಗ ಹಲಗೆ ಒರೆಸಲು ಡಸ್ಟರ್ ಹಿಡಿದು ಬಂದ ಹುಡುಗನಿಗೆ, ಬುಧವಾರದವರೆಗೆ ಹಾಗೆಯೇ ಇರಲಿ ಎಂದೆ.

ಮನೆಗೆ ಬಂದಾಗ ಅಮ್ಮ ಹಿತ್ತಲಿನಲ್ಲಿ ಗೋಣಿಚೀಲ ಹಾಸಿಕೊಂಡು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ಕೈಯೆಲ್ಲ ಅಂಟು. ಅವಳ ಆಧಾರ್ ಕಾರ್ಡಿನಲ್ಲಿಯೂ ಜೂನ್ 1. “ನೀನು ಹುಟ್ಟಿದ್ದು ಯಾವಾಗ ಎಂದು ಅಜ್ಜಿ ಹೇಳುತ್ತಿದ್ದರು?” ಎಂದು ಕೇಳಿದೆ. ಎಷ್ಟೋ ಸಲ ಕೇಳಿದ್ದೇನೆ, ಇಂದು ಮತ್ತೆ ಕೇಳಬೇಕೆನಿಸಿತು. “ಹುಣಸೆ ಬಡಿಯುವ ಕಾಲ ಎನ್ನುತ್ತಿದ್ದಳು. ಮರದ ಕೆಳಗೆ ಆಯುತ್ತಿದ್ದಾಗಲೇ ನೋವು ಬಂತಂತೆ.” ಹಾಗಾದರೆ ಇದೇ ದಿನಗಳು. ಪಕ್ಕದಲ್ಲಿ ಕುಳಿತು ನಾನೂ ನಾಲ್ಕು ಹಿಡಿ ಬಿಡಿಸಿದೆ.

ರಾತ್ರಿ ಊಟಕ್ಕೆ ಕುಳಿತಾಗ ಅವಳೇ ಕೇಳಿದಳು. “ಮೇಲೆ ಸಿಕ್ಕಿಕೊಂಡಿದ್ದ ಆ ಹೆಣ್ಣುಮಗಳು ಇಳಿದಳೇನೇ?”

“ಇನ್ನೂ ಇಲ್ಲಮ್ಮ. ಬುಧವಾರ, ಕೋಳಿ ಕೂಗುವುದಕ್ಕೂ ಮೊದಲು.”

“ಏಳುವಾಗ ನನ್ನನ್ನೂ ಎಬ್ಬಿಸು” ಎಂದಳು.